ಶಿಶಿರ ಬಂತು, ಭರಣಿ ಕೆಳಗಿಳಿಸಿ

ಸಂಕ್ರಾಂತಿಯ ಎಳ್ಳುಬೆಲ್ಲದ ಡಬ್ಬ ತಳ ಕಂಡಿತು ಅಂದರೆ, ನಮ್ಮ ಅಡುಗೆಮನೆಗೆ ವರ್ಷದ ಕೊನೆ ಬಂತು ಅಂತ ಲೆಕ್ಕ. ಕ್ಯಾಲೆಂಡರಿನಲ್ಲಿ ಅವರಾತ್ರಿ ಅಮಾವಾಸ್ಯೆ ಅಂತ ಬರೆದಿರುತ್ತಲ್ಲ, ಅದರ ಮಾರನೆ ದಿನದಿಂದ ಮಾಘ. ಆಮೇಲೆ ಫಾಲ್ಗುಣ. ಈ ಎರಡು ತಿಂಗಳು ಶಿಶಿರ. ಅದು ಮುಗಿದರೆ ಯುಗಾದಿ.

ಈ ಎರಡು ತಿಂಗಳಲ್ಲೇ ಹೊಸ ಹುಣಸೆ, ಹೊಸ ಮೆಣಸಿನಕಾಯಿ, ಹೊಸ ತೊಗರಿ ಎಲ್ಲ ಅಂಗಡಿಗೆ ಬರುವುದು. ನೋಡಿದ ಕೂಡಲೇ ಕೈ ಚೀಲಕ್ಕೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಮೊದಲು ಅಟ್ಟದ ಮೇಲಿನ ಡಬ್ಬಗಳನ್ನೆಲ್ಲ ಇಳಿಸಿ, ಉಳಿದದ್ದನ್ನು ತೂಕ ಮಾಡಿ. ಕಣ್ಣಂದಾಜು ಬೇಡ, ತಕ್ಕಡಿಯಲ್ಲೇ ಆಗಬೇಕು. ಹೋದ ವರ್ಷ ಎಷ್ಟು ತಂದಿರಿ, ಈಗ ಎಷ್ಟಿದೆ, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕಳೆದರೆ ಬರುವುದೇ ನಿಮ್ಮ ಮನೆ ನಿಜವಾಗಿ ತಿಂದದ್ದು.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಒಂದು ವರ್ಷ ಹುಣಸೆಹಣ್ಣು ಖಾಲಿಯಾಗಿದೆ ಅಂದುಕೊಂಡು 5 ಕೆಜಿ ತಂದೆ. ಬಿಡಿಸಿ ತುಂಬೋಣ ಅಂತ ಅಟ್ಟಕ್ಕೆ ಕೈ ಹಾಕಿದರೆ, ಹಿಂದೆ ಒಂದು ತಗಡಿನ ಡಬ್ಬ. ಒಳಗೆ 3 ಕೆಜಿ ಹಳೆ ಹುಣಸೆ, ಕಪ್ಪಗೆ ಟಾರಿನ ಹಾಗೆ. ಉಪ್ಪು, ಹುಳಿ ಎರಡೂ ಸೇರಿ ಡಬ್ಬದ ತಳವನ್ನೇ ತಿಂದುಹಾಕಿದ್ದವು. ಅಷ್ಟನ್ನೂ ಎಸೆದೆ. ಹುಣಸೆ ಕಪ್ಪಾದರೆ ಕೆಟ್ಟಿದೆ ಅಂತಲ್ಲ, ಪುಳಿಯೋಗರೆ ಗೊಜ್ಜಿಗೆ ಅದೇ ಚೆನ್ನ. ಆದರೆ ತುಕ್ಕು ಹತ್ತಿದ ಮೇಲೆ ಮುಗೀತು. ಅವತ್ತಿಂದ ಭರಣಿ ಅಥವಾ ಗಾಜಿನ ಜಾಡಿ, ಮುಚ್ಚಳವೂ ಲೋಹದ್ದಲ್ಲ.

ನೋಟ್‌ಬುಕ್ ಇನ್ನೂ ಒಂದು ವಿಷಯ ಹೇಳಿತು. ಮಗ ಬೇರೆ ಊರಿಗೆ ಹೋಗಿ ಎರಡು ವರ್ಷವಾಗಿದ್ದರೂ ನಾನು ಐದು ಜನರ ಲೆಕ್ಕಕ್ಕೇ ಸಾಮಾನು ತರುತ್ತಿದ್ದೆ. ತಕ್ಕಡಿ ಇಟ್ಟಮೇಲೇ ಗೊತ್ತಾಗಿದ್ದು. ಈಗ ನಾವು ನಾಲ್ಕು ಜನ, ಹುಣಸೆ ತಿಂಗಳಿಗೆ ಕಾಲು ಕೆಜಿ ಸಾಕು.

ಹೊಸ ಹುಣಸೆಗೆ ಎರಡು ಬಿಸಿಲು ಕೊಡಿ. ಕೈಗೆ ಎಣ್ಣೆ ಸವರಿಕೊಂಡು ಬೀಜ, ನಾರು ತೆಗೆಯಿರಿ. ಒಂದು ಪದರ ಹುಣಸೆ, ಒಂದು ಹಿಡಿ ಕಲ್ಲುಪ್ಪು, ಹೀಗೆ ಅದುಮಿ ಅದುಮಿ ತುಂಬಿ. ಗಾಳಿ ಆಡಬಾರದು. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಇದು ಬೇಳೆಕಾಳಿಗೂ ಅಷ್ಟೇ. ಹಳೆ ತೊಗರಿಬೇಳೆಯಲ್ಲಿ ಒಂದು ಹುಳ ಇದ್ದರೆ ಸಾಕಲ್ವಾ, ಹೊಸ ಬೇಳೆಗೂ ಹತ್ತುತ್ತದೆ. ಅಕ್ಕಿಯ ಮಾತು ಬೇರೆ. ಹಳೆ ಅಕ್ಕಿಯನ್ನು ಖಾಲಿ ಮಾಡುವ ಅವಸರ ಬೇಡ, ಅನ್ನ ಉದುರುದುರಾಗಿ ಆಗುವುದು ಅದರಲ್ಲೇ. ಹೊಸ ಅಕ್ಕಿ ಮುದ್ದೆಯಾಗುತ್ತದೆ, ನೀರು ಕಮ್ಮಿ ಇಡಿ. ರಾಗಿಯ ಚಿಂತೆ ಬೇಡವೇ ಬೇಡ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು.

ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಜಾಸ್ತಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ನಾನು ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಹಾಕುತ್ತೇನೆ. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು, ಅಲ್ಲಿಯವರೆಗೂ ಒಣಗಿಸಿ. ಸಾರಿನ ಪುಡಿಯನ್ನು ವರ್ಷಕ್ಕಾಗುವಷ್ಟು ಒಂದೇ ಸಲ ಮಾಡಿಸುವ ಅಭ್ಯಾಸ ಬಿಟ್ಟಿದ್ದೇನೆ. ಮೂರು ತಿಂಗಳಿಗಾಗುವಷ್ಟು ಸಾಕು, ಉಳಿದ ಮೆಣಸಿನಕಾಯಿ ಇಡಿಯಾಗೇ ಇರಲಿ. ಪರಿಮಳ ಉಳಿಯುತ್ತದೆ.

ಹಪ್ಪಳ ಸಂಡಿಗೆಗೆ ಮಾತ್ರ ಈಗಲೇ ಕೈ ಹಾಕಬೇಡಿ. ಇಬ್ಬನಿ ಬೀಳುವ ದಿನಗಳಲ್ಲಿ ಹಿಟ್ಟು ಹುಳಿ ಬರುತ್ತದೆಯೇ ಹೊರತು ಸಂಡಿಗೆ ಒಣಗುವುದಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗಲಿ, ಆಮೇಲೆ ಮಹಡಿ ಮೇಲೆ ಸೀರೆ ಹಾಸಿ.

ಡಬ್ಬ ಇಳಿಸಿದ ದಿನವೇ ಕಾಗದಪತ್ರದ ಪೆಟ್ಟಿಗೆಯನ್ನೂ ಇಳಿಸಿ. ಪಿಪಿಎಫ್‌ಗೆ, ಅದೇ ಅಂಚೆ ಕಚೇರಿ, ಬ್ಯಾಂಕಿನಲ್ಲಿ ತೆರೆಯುವ ಸರ್ಕಾರಿ ಉಳಿತಾಯ ಖಾತೆಗೆ, ಈ ವರ್ಷದ ದುಡ್ಡು ಕಟ್ಟುವುದಿದ್ದರೆ ಮಾರ್ಚ್ 31ರವರೆಗೆ ಕಾಯಬೇಡಿ. ತಿಂಗಳ 5ನೇ ತಾರೀಕಿನೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ. ನಗರ, ಪಟ್ಟಣದ ಮನೆಗಂದಾಯಕ್ಕೆ ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಇರುತ್ತದೆ, ಆ ದುಡ್ಡನ್ನು ಈಗಲೇ ಬೇರೆ ತೆಗೆದಿಡಿ. ಗ್ಯಾಸ್ ಪೈಪಿನ ಮೇಲೆ ಅಚ್ಚಾಗಿರುವ ವರ್ಷವನ್ನೂ ಒಂದ್ಸಲ ನೋಡಿಬಿಡಿ. ಆ ಕೇಸರಿ ಬಣ್ಣದ ಪೈಪಿಗೆ 5 ವರ್ಷ ಆಯಸ್ಸು, ಅದು ಮುಗಿದ ಮೇಲೂ ಸುಮ್ನೆ ದಿನ ತಳ್ಳಬೇಡಿ.

ಮೊನ್ನೆ ನಾನೂ ತೂಗಿದೆ. ಹುಣಸೆ 600 ಗ್ರಾಂ ಉಳಿದಿತ್ತು. ಈ ವರ್ಷಕ್ಕೆ ಎರಡೂವರೆ ಕೆಜಿ ಸಾಕು ಅಂತ ಬರೆದು ಪುಸ್ತಕ ಮುಚ್ಚಿದೆ. ಸಂಜೆ ಮೊಮ್ಮಗಳು ಫೋನ್ ಮಾಡಿ, ರಜಕ್ಕೆ ಬರ್ತೀನಿ ಅಜ್ಜಿ, ಹುಣಸೆ ಚಿಗಳಿ ಮಾಡಿಡು ಅಂದಳು. ಪುಸ್ತಕ ತೆಗೆದು ಮೂರು ಅಂತ ತಿದ್ದಿದೆ.