ಊರ ಕಟ್ಟೆ ಮೇಲೆ ಕಾನೂನು ನೆರವು: ಜೂನಿಯರ್ ವಕೀಲರು ಶುರು ಮಾಡೋದು ಹೇಗೆ

ನಾನು ದಾವಣಗೆರೆ ಕೋರ್ಟಿನಲ್ಲಿ 18 ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಊರು ಜಗಳೂರು ತಾಲೂಕಿನ ಒಂದು ಹಳ್ಳಿ. ತಿಂಗಳಲ್ಲಿ 2 ಭಾನುವಾರ ಊರಿಗೆ ಹೋಗಿ ಆಂಜನೇಯನ ಗುಡಿ ಪಕ್ಕದ ಕಟ್ಟೆ ಮೇಲೆ ಬೆಳಿಗ್ಗೆ 9ರಿಂದ 1ರವರೆಗೆ ಕೂರುತ್ತೇನೆ. ಬಂದ ನೋಟಿಸು ಓದಿ ಹೇಳುತ್ತೇನೆ, ಅರ್ಜಿ ಬರೆದುಕೊಡುತ್ತೇನೆ, ಯಾವ ಕಚೇರಿಗೆ ಹೋಗಬೇಕು ಅಂತ ತಿಳಿಸುತ್ತೇನೆ. ದುಡ್ಡು ತಗೊಳ್ಳುವುದಿಲ್ಲ. ಮೊನ್ನೆ ಇಬ್ಬರು ಜೂನಿಯರ್‌ಗಳು ಬಂದು, "ಮೇಡಂ, ನಮ್ಮೂರಲ್ಲೂ ಹೀಗೆ ಮಾಡಬೇಕು ಅಂತಿದೀವಿ, ಎಲ್ಲಿಂದ ಶುರು ಮಾಡೋದು?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವಕೀಲರು ಮತ್ತು ಸಾರ್ವಜನಿಕ ಜೀವನ ಅಂದ ತಕ್ಷಣ ನಮ್ಮ ಕಡೆಯವರಿಗೆ ನಿಜಲಿಂಗಪ್ಪನವರು ನೆನಪಾಗುತ್ತಾರೆ. ಪುಣೆಯಲ್ಲಿ ಕಾನೂನು ಓದಿ ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದವರು. ಅಲ್ಲಿಂದ ಸ್ವಾತಂತ್ರ್ಯ ಚಳವಳಿಗೆ ಇಳಿದರು, ಸಂವಿಧಾನ ಸಭೆಯಲ್ಲಿ ಕೂತರು, 1956ರಲ್ಲಿ ಒಂದು ಸಲ, 1962ರಲ್ಲಿ ಇನ್ನೊಂದು ಸಲ ಮುಖ್ಯಮಂತ್ರಿ ಆದರು. ಎಲ್ಲರೂ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮೂರಿನವರಿಗೆ ಆಡಳಿತ ಅನ್ನೋದು ವಿಧಾನಸೌಧದಲ್ಲಿ ಕಾಣುವುದಿಲ್ಲ, ನಾಡಕಚೇರಿಯ ಕಿಟಕಿಯಲ್ಲಿ ಕಾಣುತ್ತದೆ. "ನಾಳೆ ಬಾ" ಅನ್ನೋ ಉತ್ತರ ಯಾವ ಕಾನೂನಿನಲ್ಲೂ ಇಲ್ಲ ಅಂತ ಆ ಕಿಟಕಿ ಮುಂದೆ ನಿಂತವರಿಗೆ ಹೇಳಬೇಕಾದವರು ನಾವು, ಅಲ್ವಾ?

ಮೊದಲು ತಿಳಿಸಿ, ಆಮೇಲೆ ಕೂರಿ

ಸುಮ್ನೆ ಹೋಗಿ ಕೂತುಬಿಡಬೇಡಿ. ವಕೀಲರು ಜಾಹೀರಾತು ಮಾಡುವಂತಿಲ್ಲ, ಕೇಸು ಹುಡುಕಿಕೊಂಡು ಹೋಗುವಂತಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ಕಟ್ಟೆ ಮೇಲೆ ಕೂತವರನ್ನು ನೋಡಿ ಯಾರಾದರೂ ಹಾಗೆ ಅಂದುಕೊಂಡರೆ ಅವರ ತಪ್ಪಲ್ಲ. ಅದಕ್ಕೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ನಿಮ್ಮ ತಾಲೂಕು ಸಮಿತಿಗೆ ಒಂದು ಪತ್ರ ಕೊಡಿ. ಕೋರ್ಟ್ ಆವರಣದಲ್ಲೇ ಅವರ ಕಚೇರಿ ಇರುತ್ತದೆ. ಹಳ್ಳಿಗಳಲ್ಲಿ ಕಾನೂನು ನೆರವು ಕ್ಲಿನಿಕ್ ನಡೆಸುವುದಕ್ಕೆ 2011ರಿಂದ ನಿಯಮಾವಳಿಯೇ ಇದೆ. ಅವರ ಕಡೆಯಿಂದ ಒಬ್ಬರು ಪ್ಯಾರಾ ಲೀಗಲ್ ವಾಲಂಟಿಯರ್ (ಕಾನೂನು ನೆರವಿನ ತರಬೇತಿ ಪಡೆದ ಸ್ವಯಂಸೇವಕರು) ಸಿಕ್ಕರೆ ನಿಮ್ಮ ಕೆಲಸ ಅರ್ಧ ಹಗುರ.

ನಿಮ್ಮ ಹೆಸರು, ಫೋನ್ ನಂಬರ್ ಇರೋ ಬ್ಯಾನರ್ ಕಟ್ಟಬೇಡಿ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂದು ಕಟ್ಟು ಹಾಕಿಕೊಂಡಿದ್ದೇನೆ. ಕಟ್ಟೆಗೆ ಬಂದವರ ಕೇಸನ್ನು ಫೀಸಿಗೆ ತಗೊಳ್ಳುವುದಿಲ್ಲ. ಕೋರ್ಟಿಗೆ ಹೋಗಲೇಬೇಕಾದ ವಿಷಯ ಆದರೆ ಉಚಿತ ವಕೀಲರಿಗಾಗಿ ಪ್ರಾಧಿಕಾರಕ್ಕೆ ಅರ್ಜಿ ಬರೆದುಕೊಡುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೈಲಿನಲ್ಲಿರುವವರು, ಇವರಿಗೆಲ್ಲ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೆ ಆದಾಯದ ಲೆಕ್ಕವೂ ಇಲ್ಲ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. 15100 ಅನ್ನೋ ಸಹಾಯವಾಣಿ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಆ ಒಂದು ಬೋರ್ಡ್ ಸಾಕು.

ತಗೊಂಡು ಹೋಗಬೇಕಾದ ಸಾಮಾನು ಕಡಿಮೆ. ಬಿಳಿ ಹಾಳೆ, 2 ಪೆನ್ನು, ಸ್ಟೇಪ್ಲರ್, ಒಂದು ಉದ್ದನೆ ನೋಟ್ ಬುಕ್. ಇಂಕ್ ಪ್ಯಾಡ್ ಮಾತ್ರ ತಗೊಂಡು ಹೋಗಬೇಡಿ. ಕಟ್ಟೆ ಮೇಲೆ ಯಾರೂ ಯಾವುದಕ್ಕೂ ಹೆಬ್ಬೆಟ್ಟು ಒತ್ತಬಾರದು. ಮನೆಗೆ ಹೋಗಿ, ಇನ್ನೊಬ್ಬರ ಹತ್ತಿರ ಓದಿಸಿ, ಯೋಚನೆ ಮಾಡಿ ಒತ್ತಲಿ. ಹಾಗೇ ಯಾರ ಮೂಲ ಪತ್ರವನ್ನೂ ಇಟ್ಟುಕೊಳ್ಳಬೇಡಿ. ಫೋಟೋ ತೆಗೆದುಕೊಂಡು ಅಲ್ಲೇ ವಾಪಸ್ ಕೊಡಿ.

ಮೊದಲು ತಾರೀಖು ಕೇಳಿ

ಬಂದವರು ಕಥೆಯನ್ನು ಅಜ್ಜನ ಕಾಲದಿಂದ ಶುರು ಮಾಡುತ್ತಾರೆ. ಕೇಳಬೇಕು, ತಡೆಯಬೇಡಿ. ಆದರೆ ಅದಕ್ಕೂ ಮೊದಲು ಕೈಯಲ್ಲಿರುವ ಕಾಗದದ ತಾರೀಖು ನೋಡಿ. ಸಿವಿಲ್ ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಆದೇಶದ ಮೇಲೆ ಜಿಲ್ಲೆಯಲ್ಲೇ ಇರುವ ಮೇಲಿನ ಕೋರ್ಟಿಗೆ ಅಪೀಲು ಹೋಗಲು 30 ದಿನ, ಹೈಕೋರ್ಟಿಗೆ 90 ದಿನ. ಸರ್ಕಾರದ ಮೇಲೆ ದಾವೆ ಹಾಕುವುದಾದರೆ 2 ತಿಂಗಳ ಮೊದಲು ನೋಟಿಸು ಕೊಡಬೇಕು. ತಹಶೀಲ್ದಾರ್ ಕಚೇರಿ ನೋಟಿಸು ಆದರೆ ಆಕ್ಷೇಪಣೆಗೆ ಎಷ್ಟು ದಿನ ಅಂತ ಅದರಲ್ಲೇ ಇರುತ್ತದೆ. ಕಥೆ ಮುಗಿಯೋ ಹೊತ್ತಿಗೆ ದಿನ ಎಷ್ಟು ಉಳಿದಿದೆ ಅಂತ ನಿಮಗೆ ಗೊತ್ತಿರಬೇಕು.

ಹಳೇ ಕ್ರಯಪತ್ರದಲ್ಲಿ "ಚಿತ್ರದುರ್ಗ ಜಿಲ್ಲೆ, ಜಗಳೂರು ತಾಲೂಕು" ಅಂತ ಇರೋದು ನೋಡಿ ಹುಡುಗರು ಗಾಬರಿ ಆಗುತ್ತಾರೆ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರ ಆಗಸ್ಟ್ 15ಕ್ಕೆ, ಪತ್ರದಲ್ಲಿ ತಪ್ಪಿಲ್ಲ ಅಂತ ಹೇಳಿ ಕಳಿಸಿ.

ಸೀಲು ಇಲ್ಲದ ಅರ್ಜಿ ಅರ್ಜಿಯೇ ಅಲ್ಲ

ಇದನ್ನು ನಾನು ಕಲಿತಿದ್ದು ಬೇರೆಯವರ ನಷ್ಟದಿಂದ. ಕಟ್ಟೆ ಶುರು ಮಾಡಿದ ಎರಡನೇ ವರ್ಷ. ಗಂಡ ತೀರಿಕೊಂಡ ಒಬ್ಬ ಹೆಣ್ಣುಮಗಳಿಗೆ ವಿಧವಾ ವೇತನದ ಅರ್ಜಿ ಬರೆದುಕೊಟ್ಟೆ. ಅಕ್ಷರ ಚೆನ್ನಾಗಿತ್ತು, ದಾಖಲೆ ಎಲ್ಲ ಇತ್ತು. ಅವರು ಹೋಗಿ ಒಂದು ಕಚೇರಿಯಲ್ಲಿ ಕೊಟ್ಟು ಬಂದರು. 5 ತಿಂಗಳಾದ ಮೇಲೆ ಕೇಳಿದರೆ "ಅಂಥ ಅರ್ಜಿನೇ ಬಂದಿಲ್ಲ" ಅಂದರಂತೆ. ತೋರಿಸೋಕೆ ಅವರ ಹತ್ತಿರ ಒಂದು ಚೂರು ಕಾಗದ ಇರಲಿಲ್ಲ. ಮತ್ತೆ ಹೊಸದಾಗಿ ಅರ್ಜಿ ಹಾಕಬೇಕಾಯಿತು. ಆ 5 ತಿಂಗಳ ದುಡ್ಡು ಅವರಿಗೆ ಬರಲೇ ಇಲ್ಲ. ಕೂಲಿ ಬಿಟ್ಟು 3 ಸಲ ಓಡಾಡಿದ್ದು ಬೇರೆ. ತಪ್ಪು ನನ್ನದೂ ಹೌದು. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ ಅಂತ ನಾನು ಹೇಳಿರಲಿಲ್ಲ.

ಈಗ ಪ್ರತಿ ಅರ್ಜಿಯನ್ನೂ ಎರಡು ಪ್ರತಿ ಬರೆಯುತ್ತೇನೆ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ತಾರೀಖು, ಸಹಿ ಮೂರೂ ತಗೊಳ್ಳಿ ಅಂತ ಹೇಳಿ ಕಳಿಸುತ್ತೇನೆ. ಹಾಕಲ್ಲ ಅಂದರೆ ಜಗಳ ಬೇಡ. ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಪಿನ್ ಹಾಕಿ ಇಟ್ಟುಕೊಳ್ಳಲಿ. ಸಕಾಲ, ಅಂದರೆ ಗಡುವಿನೊಳಗೆ ಸರ್ಕಾರಿ ಸೇವೆ ಕೊಡಬೇಕು ಅನ್ನೋ ರಾಜ್ಯದ ಕಾನೂನಿನಡಿ ಬರುವ ಸೇವೆ ಆದರೆ ಸಕಾಲ ನಂಬರ್ ಕೇಳಿ ಪಡೆಯಲೇಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ದುಡ್ಡು ದೊಡ್ಡದಲ್ಲ. ಆದರೆ ಆ ನಂಬರ್ ಇದ್ದರೆ ಫೈಲು ಎಲ್ಲೋ ಹೋಯಿತು ಅನ್ನೋಕೆ ಆಗಲ್ಲ.

ಪೌತಿ ಖಾತೆ ಕಾಗದ ಬಂದಾಗ

ತೀರಿಕೊಂಡವರ ಹೆಸರಲ್ಲಿರೋ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದೇ ಪೌತಿ ಖಾತೆ. ನಮ್ಮ ಕಡೆ ಜಾಸ್ತಿ ಬರೋದು ಇದೇ. ಕಳೆದ ವರ್ಷ ಒಬ್ಬ ಹುಡುಗ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಇಟ್ಟುಕೊಂಡು ಬಂದ. "ಅಕ್ಕಾ, ತಾತನ ಜಮೀನು ನಮ್ಮಪ್ಪ, ದೊಡ್ಡಪ್ಪ, ಚಿಕ್ಕಪ್ಪನ ಹೆಸರಿಗೆ ಆಗಬೇಕು. ಎಲ್ಲ ಸರಿ ಇದೆಯಾ ನೋಡಿ." ನೋಡಿದೆ. ಮರಣ ಪ್ರಮಾಣಪತ್ರ ಇತ್ತು, ಪಹಣಿ ಇತ್ತು. ವಂಶವೃಕ್ಷದಲ್ಲಿ ಮೇಲೆ ತಾತನ ಹೆಸರು, ಕೆಳಗೆ ಮೂರು ಗೆರೆ, ಮೂರು ಗಂಡುಮಕ್ಕಳು.

"ನಿನಗೆ ಸೋದರತ್ತೆಯರು ಎಷ್ಟು ಜನಪ್ಪಾ?"

"ಇಬ್ರು."

"ಇದರಲ್ಲಿ ಎಲ್ಲಿದ್ದಾರೆ?"

ಅವನು ಕಾಗದ ತಿರುಗಿಸಿ ನೋಡಿದ. "ಅವರು ಮದುವೆ ಆಗಿ ಹೋಗಿದಾರಲ್ಲಕ್ಕಾ."

ಅವನು ಕೆಟ್ಟ ಹುಡುಗ ಅಲ್ಲ. ಊರಲ್ಲಿ ಎಲ್ಲರೂ ಹೀಗೇ ಬರೆಸುತ್ತಾರೆ, ಅವನೂ ಬರೆಸಿದ್ದ. ಬೈಯಬೇಡಿ. ಕೂರಿಸಿ ಹೇಳಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಿಂದ ಗಂಡುಮಕ್ಕಳಷ್ಟೇ ಹಕ್ಕಿದೆ, ಮದುವೆ ಆಗಿದ್ದರೂ ಇದೆ. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದೆ. ವಂಶವೃಕ್ಷದ ಜೊತೆ ಪ್ರಮಾಣಪತ್ರ ಮಾಡಿ ಕೊಡುತ್ತೀರಿ, ಹೆಸರು ಬಿಟ್ಟರೆ ಅದು ಸುಳ್ಳು ಪ್ರಮಾಣ ಆಗುತ್ತದೆ. ನಾಳೆ ಅತ್ತೆಯ ಮಕ್ಕಳು ಪಾಲಿಗೆ ದಾವೆ ಹಾಕಿದರೆ ವರ್ಷಗಟ್ಟಲೆ ವಾಯಿದೆಗೆ ಅಲೆಯಬೇಕು. ಇನ್ನೊಂದು ಮಾತು, ಖಾತೆ ಬೇರೆ, ಹಕ್ಕು ಬೇರೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅಕ್ಕತಂಗಿಯರ ಪಾಲು ಅಳಿಸಿ ಹೋಗುವುದಿಲ್ಲ.

ಅವನು ಸುಮ್ಮನೆ ಎದ್ದು ಹೋದ. ಮುಂದಿನ ಸಲ ಬಂದಾಗ ಇಬ್ಬರು ಅತ್ತೆಯರನ್ನೂ ಕರೆದುಕೊಂಡು ಬಂದಿದ್ದ. ನನ್ನ ನೋಟ್ ಬುಕ್ಕಿನಲ್ಲಿ ಹೊಸದಾಗಿ ಐದು ಗೆರೆ ಎಳೆದು ಹೆಸರು ಬರೆದೆ. ದೊಡ್ಡತ್ತೆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ನಾಲ್ಕನೇ ಗೆರೆಯ ಕೆಳಗೆ ಬೆರಳಿಟ್ಟು, "ಇದು ನಾನಾ ಅವ್ವಾ?" ಅಂತ ಕೇಳಿದರು. ಅವರು ಪಾಲು ತಗೊಂಡರಾ ಬಿಟ್ಟರಾ ಅನ್ನೋದು ಅವರ ಮನೆ ವಿಷಯ, ನಾನು ಕೇಳಲಿಲ್ಲ. ಹೆಸರು ಕಾಗದದ ಮೇಲೆ ಇರಬೇಕಿತ್ತು, ಬಂತು.

ಊರಲ್ಲಿ ಯಾರಾದರೂ ತೀರಿಕೊಂಡರೆ 21 ದಿನದೊಳಗೆ ಮರಣ ನೋಂದಣಿ ಮಾಡಿಸಿ ಅಂತ ತಿಥಿ ಊಟದಲ್ಲೇ ಹೇಳಿ. ಆಗ ಹೇಳೋದು ಹೇಗಪ್ಪಾ ಅನ್ನಿಸುತ್ತದೆ. ಆದರೂ ಹೇಳಿ.

ಮಾಹಿತಿ ಹಕ್ಕು: ಯಾಕೆ ಅಂತ ಕೇಳಬೇಡಿ

ಚರಂಡಿ ಕಟ್ಟದೇ ಬಿಲ್ ಆಗಿದೆ ಅಂತ ಅನುಮಾನ ಇದ್ದರೆ ಹುಡುಗರು ಎರಡು ಪುಟ ಸಿಟ್ಟು ಬರೆದುಕೊಂಡು ಬರುತ್ತಾರೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. "ಯಾಕೆ ಕಟ್ಟಿಲ್ಲ?" ಅಂತ ಕೇಳಿದರೆ ಉತ್ತರ ಕೊಡಬೇಕಾಗಿಲ್ಲ, ಅದು ದಾಖಲೆ ಅಲ್ಲ. ಹೀಗೆ ಕೇಳಿಸಿ: ಇಂಥ ವರ್ಷ, ಇಂಥ ವಾರ್ಡಿನ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಎಂಬಿ ಬುಕ್ಕಿನ (ಕಾಮಗಾರಿಯ ಅಳತೆ ಪುಸ್ತಕದ) ಪುಟಗಳು, ಪಾವತಿಯಾದ ಬಿಲ್ಲು, ಇವುಗಳ ದೃಢೀಕೃತ ನಕಲು. ಎಂಬಿ ಬುಕ್ಕಿನಲ್ಲಿ ಉದ್ದ, ಅಗಲ, ಆಳ ಎಲ್ಲ ಇರುತ್ತದೆ. ಟೇಪು ಹಿಡಿದು ಅಳೆದು ನೋಡಿದರೆ ಸಾಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಸಿಕ್ಕ ದಾಖಲೆಯನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಓದಬೇಕಾದವರು ಊರಿನವರು, ನೀವಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ವಕೀಲರೇ ಮಾತಾಡಿಬಿಟ್ಟರೆ ಊರು ಕೂತು ನೋಡುತ್ತದೆ.

ಕಟ್ಟೆ ಮೇಲೆ ಆಗಬಾರದ ಕೆಲಸ

ಗಂಡ ಹೊಡೆಯುತ್ತಾನೆ ಅಂತ ಬಂದವರ ಮಾತನ್ನು ಕಟ್ಟೆ ಮೇಲೆ ಕೇಳಬೇಡಿ. ಅಂಗನವಾಡಿ ಒಳಗೋ, ಯಾರಾದರೂ ಹೆಣ್ಣುಮಕ್ಕಳ ಮನೆಯಲ್ಲೋ ಕೂತು ಕೇಳಿ. ಮಹಿಳಾ ಸಹಾಯವಾಣಿ 181 ನಂಬರ್ ಕೊಡಿ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ ತೋರಿಸಿ. ಊರ ಹಿರಿಯರನ್ನು ಕೂರಿಸಿ ರಾಜಿ ಮಾಡಿಸೋ ಉಸಾಬರಿ ಬೇಡವೇ ಬೇಡ.

ಅಣ್ಣ ಬಂದು ಸಲಹೆ ಕೇಳಿ ಹೋದ ಮೇಲೆ ತಮ್ಮನೂ ಬರುತ್ತಾನೆ. ಒಂದೇ ಊರಲ್ಲಿ ಇದು ಆಗೇ ಆಗುತ್ತದೆ. ನೋಟ್ ಬುಕ್ಕಿನಲ್ಲಿ ಸರ್ವೆ ನಂಬರ್ ಬರೆದಿಟ್ಟರೆ ತಕ್ಷಣ ಗೊತ್ತಾಗುತ್ತದೆ. ತಮ್ಮನ ಕಾಗದ ಬಿಚ್ಚುವ ಮೊದಲೇ, "ಈ ಜಮೀನಿನ ವಿಷಯ ಇನ್ನೊಬ್ಬರು ನನ್ನ ಹತ್ತಿರ ಮಾತಾಡಿದ್ದಾರೆ, ನಾನು ನೋಡುವಂತಿಲ್ಲ" ಅಂತ ಹೇಳಿ ಕಾನೂನು ಸೇವಾ ಕಚೇರಿಗೆ ಕಳಿಸಿ. ಇಬ್ಬರಿಗೂ ಮನಸ್ಸಿದ್ದರೆ ಲೋಕ ಅದಾಲತ್ ಇದೆ. ಅಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಅಪೀಲು ಇಲ್ಲ ಅನ್ನೋದನ್ನು ಇಬ್ಬರಿಗೂ ಮೊದಲೇ ಬಿಡಿಸಿ ಹೇಳಬೇಕು.

ಸೋಮವಾರ ಬೆಳಿಗ್ಗೆ ಕೋರ್ಟಿಗೆ ಹೊರಡೋ ಮುಂಚೆ ಆ ನೋಟ್ ಬುಕ್ ತೆಗೆದು 10 ನಿಮಿಷ ಕೂರಿ. ಯಾರದು 30ನೇ ದಿನ ಯಾವಾಗ ಬರುತ್ತದೆ ಅಂತ ಲೆಕ್ಕ ಹಾಕಿ ನಿಮ್ಮ ಕೇಸ್ ಡೈರಿಯಲ್ಲೇ ಬರೆದುಕೊಳ್ಳಿ. ಅವರಿಗೆ ಒಂದು ಫೋನ್ ಮಾಡಿ.

ಮೊದಲ ಮೂರು ಭಾನುವಾರ ನನ್ನ ಹತ್ತಿರ ಯಾರೂ ಬಂದಿರಲಿಲ್ಲ. ಒಬ್ಬ ತಾತ ಮಾತ್ರ ಕರೆಂಟ್ ಬಿಲ್ ಓದಿಸಿಕೊಂಡು ಹೋದರು. ನಾಲ್ಕನೇ ಸಲ ಅವರೇ ಪಕ್ಕದ ಮನೆಯವರನ್ನು ಕರೆದುಕೊಂಡು ಬಂದರು. ಮೆಕ್ಕೆಜೋಳ ಕೊಯ್ಲಿನ ಸಮಯದಲ್ಲಿ ಬೆಳಿಗ್ಗೆ ಯಾರೂ ಸಿಗುವುದಿಲ್ಲ. ಆಗ ಸಂಜೆ 5ರ ಮೇಲೆ ಕೂರಿ, ಒಂದು ಚಾರ್ಜಿಂಗ್ ಲೈಟ್ ಜೊತೆಗಿರಲಿ.