ಕೂದಲೆಳೆಯಂಥ ದಾರಕ್ಕೆ ಕುಣಿಕೆ ಹಾಕುವುದು

ಮೊದಲ ಚಳಿಗಾಲದಲ್ಲಿ ನನ್ನ ಕೈತಪ್ಪಿದ ಟ್ರೌಟ್ ಮೀನುಗಳಲ್ಲಿ ಹೆಚ್ಚಿನವು ಹೋಗಿದ್ದು ಗಂಟಿನ ಹತ್ತಿರವೇ. ದಾರ ನಡುವೆ ತುಂಡಾದದ್ದು ಒಂದು ಸಲವೂ ನೆನಪಿಲ್ಲ.

ನಾನು ಫ್ಲೈ ಫಿಶಿಂಗ್ (ಹುಳದಂತೆ ಕಾಣುವ ಕೊಕ್ಕೆ ಬೀಸಿ ಮೀನು ಹಿಡಿಯುವುದು) ಮಾಡುವುದು ಕೊಲೊರಾಡೊದ ಚೀಸ್‌ಮನ್ ಕಣಿವೆಯಲ್ಲಿ, ಸೌತ್ ಪ್ಲಾಟ್ ನದಿಯಲ್ಲಿ. 1905ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಕೆಳಗೆ ನೀರು ಗಾಜಿನಷ್ಟು ತಿಳಿ. ದಾರ ಸ್ವಲ್ಪ ದಪ್ಪವಿದ್ದರೂ ಮೀನು ಮೂತಿ ತಿರುಗಿಸುತ್ತದೆ. ಹಾಗಾಗಿ ದಾರದ ಕೊನೆಯ ತುಂಡಿನ, ಅಂದರೆ ಟಿಪೆಟ್‌ನ, ದಪ್ಪದ ಅಳತೆ 6ಎಕ್ಸ್ ಅಥವಾ 7ಎಕ್ಸ್ ಇರಬೇಕು. ಲೆಕ್ಕ ಸುಲಭ: 11ರಿಂದ ಆ ಸಂಖ್ಯೆ ಕಳೆದರೆ ಇಂಚಿನ ಸಾವಿರದ ಎಷ್ಟನೇ ಭಾಗ ದಪ್ಪ ಅಂತ ಗೊತ್ತಾಗುತ್ತದೆ. 6ಎಕ್ಸ್ ಅಂದರೆ 0.005 ಇಂಚು, ಸುಮಾರು 0.13 ಮಿಲಿಮೀಟರ್. ಅಲ್ಲಿ ಹಿಡಿದ ಮೀನನ್ನು ವಾಪಸ್ ನೀರಿಗೆ ಬಿಡುತ್ತೇವೆ. ದಾರ ಕಡಿದರೆ ಅದು ಬಾಯಲ್ಲಿ ಕೊಕ್ಕೆ ಇಟ್ಟುಕೊಂಡೇ ಈಜಬೇಕು. ನನಗೆ ನಿದ್ದೆ ಕೆಡಿಸಿದ್ದು ಅದೇ.

ಒಂದು ಭಾನುವಾರ ಅಡುಗೆಮನೆ ಮೇಜಿನ ಮೇಲೆ ಲಗೇಜ್ ತೂಗುವ ಕೈತಕ್ಕಡಿ ಇಟ್ಟುಕೊಂಡು ಕೂತೆ. ಕುಣಿಕೆ ಹಾಕುವುದು, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸುವುದು, ಕಡಿಯುವ ತನಕ ಎಳೆಯುವುದು. ಒಣಗಿದ್ದಾಗಲೇ ಬಿಗಿದ ಗಂಟುಗಳು ಯಾವಾಗಲೂ ಬೇಗ ಕಡಿದವು. ಎಳೆ ಎಳೆಗೆ ಉಜ್ಜಿ ಬಿಸಿಯಾಗುತ್ತದೆ, ಅಷ್ಟು ಸಣ್ಣ ನೈಲಾನ್‌ಗೆ ಆ ಬಿಸಿಯೇ ಜಾಸ್ತಿ. ಅಮ್ಮ ಹೂ ಕಟ್ಟುವ ಮುಂಚೆ ಬಾಳೆನಾರನ್ನು ಒಂದು ಬಟ್ಟಲು ನೀರಲ್ಲಿ ನೆನೆಸುತ್ತಿದ್ದರು. ಅದು ನಾರು ಮೆತ್ತಗಾಗಲಿ ಅಂತ. ಇಲ್ಲಿ ಒದ್ದೆ ಮಾಡುವುದು ದಾರ ಜಾರಿಕೊಂಡು ಕೂರಲಿ ಅಂತ. ಆದರೂ ಪ್ರತಿ ಗಂಟನ್ನೂ ತುಟಿಗೆ ತಾಗಿಸಿ ಒದ್ದೆ ಮಾಡುವಾಗ ನನಗೆ ಆ ಬಟ್ಟಲು ನೆನಪಾಗುತ್ತದೆ.

ಕಡಿದ ತುದಿಯನ್ನೂ ನೋಡಬೇಕು. ಅದು ಹಂದಿ ಬಾಲದ ಹಾಗೆ ಸುರುಳಿಯಾಗಿದ್ದರೆ ಗಂಟು ಜಾರಿ ಬಿಚ್ಚಿಕೊಂಡಿದೆ. ನೇರವಾಗಿದ್ದರೆ ದಾರ ತುಂಡಾಗಿದೆ. ನನ್ನವು ಬಹುಪಾಲು ಸುರುಳಿ. ಅಂದರೆ ನಾನು ಪೂರ್ತಿ ಬಿಗಿಯುತ್ತಲೇ ಇರಲಿಲ್ಲ.

ಸಣ್ಣ ದಾರಕ್ಕೆ ನಾನು ಈಗ ಹಾಕುವುದು ಸರ್ಜನ್ಸ್ ಲೂಪ್ ಅನ್ನುವ ಕುಣಿಕೆ ಮಾತ್ರ. ಪರ್ಫೆಕ್ಷನ್ ಲೂಪ್ ಅನ್ನುವ ಇನ್ನೊಂದು ಕುಣಿಕೆ ನೋಡಲು ಚೆಂದ, ದಾರದ ನೇರಕ್ಕೇ ಕೂರುತ್ತದೆ. ಅದನ್ನು ಲೀಡರ್‌ನ, ಅಂದರೆ ಮುಖ್ಯ ದಾರಕ್ಕೂ ಟಿಪೆಟ್‌ಗೂ ನಡುವಿನ ದಾರದ, ದಪ್ಪ ತುದಿಗೆ ಇಟ್ಟುಕೊಂಡಿದ್ದೇನೆ. ಸರ್ಜನ್ಸ್ ಲೂಪ್‌ಗೆ ದಾರದ ತುದಿಯನ್ನು ಒಂದು ಗೇಣಿನಷ್ಟು ಮಡಚಿ ಎರಡೆಳೆ ಮಾಡಿಕೊಳ್ಳಿ. ಆ ಎರಡೆಳೆಯಿಂದ ಸುಮ್ನೆ ಒಂದು ಸಾದಾ ಗಂಟು ಹಾಕಿ, ಬಿಗಿಯಬೇಡಿ. ಮಡಿಕೆಯ ತುದಿಯನ್ನು ಅದೇ ಉಂಗುರದಲ್ಲಿ ಇನ್ನೊಮ್ಮೆ ತೂರಿಸಿ. ನೈಲಾನ್‌ಗೆ ಎರಡು ಸುತ್ತು ಸಾಕು. ಇನ್ನೊಂದು ಬಗೆಯ ದಾರವಾದ ಫ್ಲೋರೋಕಾರ್ಬನ್‌ಗೆ ನಾನು ಮೂರು ಸುತ್ತು ಹಾಕುತ್ತೇನೆ. ಒದ್ದೆ ಮಾಡಿ, ಒಂದು ಕಡೆ ಕುಣಿಕೆ, ಇನ್ನೊಂದು ಕಡೆ ಎರಡೂ ಎಳೆ ಹಿಡಿದು ನಿಧಾನವಾಗಿ, ಜಗ್ಗದೆ, ಸಮವಾಗಿ ಎಳೆಯಿರಿ. ಒಂದೇ ಎಳೆಯನ್ನು ಎಳೆದರೆ ಸುತ್ತುಗಳು ಒಂದರ ಮೇಲೊಂದು ಹತ್ತಿ ದಾರವನ್ನು ಕೊಯ್ಯುತ್ತವೆ.

ಎರಡು ಕುಣಿಕೆ ಸೇರಿಸುವಾಗ ಇನ್ನಷ್ಟು ಗಮನ ಬೇಕು. ಚಿಕ್ಕವರಿದ್ದಾಗ ರಬ್ಬರ್ ಬ್ಯಾಂಡ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿ ಉದ್ದ ಮಾಡುತ್ತಿದ್ದೆವು, ಅಲ್ವಾ? ಹಾಗೆಯೇ ಇದು. ಲೀಡರ್‌ನ ಕುಣಿಕೆಯನ್ನು ಟಿಪೆಟ್‌ನ ಕುಣಿಕೆಯೊಳಗೆ ತೂರಿಸಿ, ಟಿಪೆಟ್‌ನ ಇನ್ನೊಂದು ತುದಿಯನ್ನು ಲೀಡರ್‌ನ ಕುಣಿಕೆಯಿಂದ ಹೊರತೆಗೆದು ಎಳೆಯಬೇಕು. ಎರಡು ಕೈಗಳು ಬೆರಳು ಮಡಚಿ ಒಂದನ್ನೊಂದು ಹಿಡಿದ ಹಾಗೆ ಕೂರಬೇಕು. ಓರೆಯಾಗಿ ಎಳೆದರೆ ಒಂದು ಕುಣಿಕೆ ಹಿಂದಕ್ಕೆ ಮಗುಚಿ ಇನ್ನೊಂದರ ಕತ್ತು ಹಿಸುಕುತ್ತದೆ. ಈ ತಪ್ಪು ಬರಿಗಣ್ಣಿಗೆ ಬೇಗ ಕಾಣುವುದಿಲ್ಲ. ನಾನು ಚಿಕ್ಕ ಭೂತಗನ್ನಡಿ ಕೊರಳಿಗೆ ಹಾಕಿಕೊಂಡಿರುತ್ತೇನೆ.

ಜನವರಿಯ ಚಳಿಯಲ್ಲಿ ಬೆರಳು ಮರಗಟ್ಟುತ್ತವೆ. ಅದಕ್ಕೆ ಟಿಪೆಟ್ ತುಂಡುಗಳಿಗೆ ಮನೆಯಲ್ಲೇ ಕುಣಿಕೆ ಹಾಕಿ, ಒಂದು ರಟ್ಟಿಗೆ ಸುತ್ತಿಟ್ಟುಕೊಂಡು ಹೋಗುತ್ತೇನೆ. ಗಾಳಿಯಲ್ಲಿ ಬೀಸುವಾಗ ಟಿಪೆಟ್‌ನಲ್ಲಿ ತಾನಾಗಿ ಸಾದಾ ಗಂಟು ಬೀಳುವುದುಂಟು. ಅದು ದಾರದ ಬಲವನ್ನು ತುಂಬಾ ಇಳಿಸುತ್ತದೆ. ಆದ್ದರಿಂದ ಆಗಾಗ ಟಿಪೆಟ್ ಉದ್ದಕ್ಕೂ ಬೆರಳಾಡಿಸುತ್ತೇನೆ. ಗಂಟು ಸಿಕ್ಕರೆ ಬಿಡಿಸಲು ಹೋಗುವುದಿಲ್ಲ. ಆ ತುಂಡು ತೆಗೆದು ಜೇಬಿಗೆ ಹಾಕಿ, ರಟ್ಟಿನಿಂದ ಹೊಸದೊಂದನ್ನು ಬಿಚ್ಚಿಕೊಳ್ಳುತ್ತೇನೆ.