ರುಚಿ ನೋಡಿದ ಮರದ ಕಣ್ಣು: ಮನೆಯಲ್ಲೇ ನಿಂಬೆ ಜಾತಿಯ ಕಸಿ

ಹೇರಳೆಕಾಯಿ ಚಿತ್ರಾನ್ನ ತಿಂದು ಬೆಳೆದವರಿಗೆ ನಿಂಬೆಹಣ್ಣಿನ ಚಿತ್ರಾನ್ನ ಯಾವಾಗಲೂ ಒಂದು ಕೈ ಕಡಿಮೆಯೇ. ಹುಳಿ ಎರಡರಲ್ಲೂ ಇದೆ. ಆದರೆ ಹೇರಳೆ ಸಿಪ್ಪೆಯ ಘಮ, ಕೊನೆಗೆ ನಾಲಿಗೆಯಲ್ಲಿ ಉಳಿಯುವ ಸಣ್ಣ ಕಹಿ ಬೇರೆಯದರಲ್ಲಿ ಸಿಗುವುದಿಲ್ಲ. ಪಾಂಡವಪುರದ ಹತ್ತಿರ ನಮ್ಮ ಅತ್ತೆಯವರ ಹಿತ್ತಲಲ್ಲಿ ಅಂಥ ಒಂದು ಮರ ಇತ್ತು. ಹೊಸ ಮನೆ ಕಟ್ಟಲು ಅದನ್ನು ತೆಗೆಯುವುದು ಅಂತ ತೀರ್ಮಾನವಾದಾಗ ನಾನು ಕಸಿ ಕಟ್ಟುವುದನ್ನು ಕಲಿಯಲು ಹೊರಟೆ. ಆ ಮರದ ಕಡ್ಡಿಗಳು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಮೈಸೂರಿಗೆ ಬಂದವು. ಈಗ ಕುವೆಂಪುನಗರದ ನಮ್ಮನೆಯಲ್ಲಿ ಅದೇ ಹೇರಳೆ ಕಾಯಿ ಬಿಡುತ್ತಿದೆ. ಜೊತೆಗೆ ನಿಂಬೆ, ಮೂಸಂಬಿ, ಚಕ್ಕೋತವೂ ಇವೆ.

ಕಸಿ ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಒಂದೇ. ಹಣ್ಣು ತಿಂದು ನೋಡದ ಮರದಿಂದ ಕಣ್ಣು, ಅಂದರೆ ಎಲೆ ತೊಟ್ಟಿನ ಬುಡದಲ್ಲಿರುವ ಸಣ್ಣ ಮೊಗ್ಗು, ತರಬೇಡಿ. ಕಸಿಯಲ್ಲಿ ಹುಟ್ಟುವುದು ಅದೇ ಮರ. ಅದರ ಸಿಹಿ, ಹುಳಿ, ಘಮ, ರೋಗ ಎಲ್ಲವೂ ಕಣ್ಣಿನ ಜೊತೆಗೇ ಬರುತ್ತವೆ. ಪಕ್ಕದ ಬೀದಿಯಲ್ಲಿ ಯಾರ ಮನೆ ಚಕ್ಕೋತ ಚೆನ್ನಾಗಿದೆ, ಊರಲ್ಲಿ ಯಾರ ತೋಟದ ನಿಂಬೆಯಲ್ಲಿ ರಸ ಜಾಸ್ತಿ ಅಂತ ಕೇಳಿ, ತಿಂದು, ಒಂದೆರಡು ವರ್ಷ ಗಮನಿಸಿ. ಆಮೇಲೆ ಚಾಕು ಹಿಡಿಯಿರಿ.

ಬೀಜ ಸಾಕೋ, ಕಸಿ ಬೇಕೋ

ನಿಂಬೆಗೆ ಬೀಜವೂ ನಡೆಯುತ್ತದೆ. ಒಂದೇ ನಿಂಬೆ ಬೀಜದಿಂದ ಎರಡು ಮೂರು ಸಸಿ ಬರುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಹೆಚ್ಚಿನವು ತಾಯಿ ಮರದ ಅಂಗಾಂಶದಿಂದಲೇ ಹುಟ್ಟಿದವು, ಹಾಗಾಗಿ ತಾಯಿಯಂತೆಯೇ ಇರುತ್ತವೆ. ಕಿತ್ತಳೆಯೂ ಬಹುಮಟ್ಟಿಗೆ ಹೀಗೇ. ಚಕ್ಕೋತ ಹಾಗಲ್ಲ. ಅದರ ಬೀಜದಲ್ಲಿ ಇರುವುದು ಒಂದೇ ಭ್ರೂಣ, ಅದೂ ಪರಾಗಸ್ಪರ್ಶದಿಂದ ಆದದ್ದು. ದೇವನಹಳ್ಳಿ ಚಕ್ಕೋತ ತಿಂದು, ಬೀಜ ಊರಿ, ಏಳೆಂಟು ವರ್ಷ ಕಾದರೆ ಸಿಗುವುದು ಕಹಿ ಹಣ್ಣೂ ಆಗಬಹುದು. ಚಕ್ಕೋತಕ್ಕೆ ಕಣ್ಣು ಕಸಿ ಅಥವಾ ಗೂಟಿ ಕಸಿ (ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು) ಮಾಡಲೇಬೇಕು.

ಕಸಿಯ ಇನ್ನೊಂದು ಲಾಭ ಸಮಯ. ಬೀಜದ ಗಿಡ ಎಳೆತನದಲ್ಲಿ ಬರೀ ಮುಳ್ಳು ಬಿಡುತ್ತಾ ಬೆಳೆಯುತ್ತದೆ, ಹೂ ಬಿಡಲು ನಾಲ್ಕೈದು ವರ್ಷವಾದರೂ ಬೇಕು. ಹಣ್ಣು ಬಿಡುವ ಮರದ ಕಣ್ಣಿಗೆ ಎಳೆತನ ಮುಗಿದಿರುತ್ತದೆ. ಎರಡು ಮೂರು ವರ್ಷಕ್ಕೇ ಹೂ ಕಾಣುತ್ತದೆ.

ಕೊಡಗಿನ ಕಿತ್ತಳೆ ಬೇಕು ಅಂತ ತುಂಬಾ ಜನ ಆಸೆಪಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಅದು ಕಾಫಿ ತೋಟದ ನೆರಳು, ಬೆಟ್ಟದ ತಂಪು, ಅಲ್ಲಿನ ಮಳೆ ಮೂರನ್ನೂ ಕುಡಿದು ರುಚಿ ಪಡೆದ ಹಣ್ಣು. ನಮ್ಮ ಕೆಂಪು ಮಣ್ಣಿನ ಬಿಸಿಲಲ್ಲಿ ಗಿಡ ಬದುಕುತ್ತದೆ, ಆ ರುಚಿ ಬರುವುದಿಲ್ಲ. ಮೈಸೂರು, ಮಂಡ್ಯದ ಮನೆಗಳಿಗೆ ನಿಂಬೆ, ಹೇರಳೆ, ಗಜನಿಂಬೆ, ಮೂಸಂಬಿ, ಚಕ್ಕೋತ ಸರಿಯಾದ ಆಯ್ಕೆ. ನಿಂಬೆಯಲ್ಲಿ ಎಲೆ, ಕಾಯಿ ಮೇಲೆ ಕಜ್ಜಿ ಜಾಸ್ತಿ ಬರುವ ಜಾಗವಾದರೆ ಆಂಧ್ರದ ಬಾಲಾಜಿ ತಳಿ ನೋಡಿ, ಅದು ಕಜ್ಜಿಯನ್ನು ತಡೆದುಕೊಳ್ಳುತ್ತದೆ.

ಕೆಳಗಿನ ಬೇರು ಯಾವುದು?

ಕಸಿ ಗಿಡದಲ್ಲಿ ಮೇಲಿನ ತಳಿ ಒಂದು, ಅದನ್ನು ಹೊರುವ ಬೇರು ಇನ್ನೊಂದು ಗಿಡದ್ದು. ನರ್ಸರಿಯಲ್ಲಿ ಎಲ್ಲರೂ ಮೇಲಿನ ತಳಿಯ ಹೆಸರು ಕೇಳುತ್ತಾರೆ, ಕೆಳಗಿನ ಬೇರು ಯಾವುದು ಅಂತ ಯಾರೂ ಕೇಳುವುದಿಲ್ಲ. ರುಚಿಗೆ ಅದೂ ಅಷ್ಟೇ ಮುಖ್ಯ.

ಜಂಬೇರಿ ಅನ್ನುವ ಒರಟು ಸಿಪ್ಪೆಯ ಹುಳಿ ನಿಂಬೆಯ ಬೇರಿನ ಮೇಲೆ ಗಿಡ ಬೇಗ ಬೆಳೆಯುತ್ತದೆ, ಕಾಯಿಯೂ ದಪ್ಪ. ಆದರೆ ರಸ ಸ್ವಲ್ಪ ನೀರು ನೀರು. ಸಿಹಿ, ಹುಳಿ ಎರಡೂ ತೆಳು. ನೀರು ನಿಲ್ಲುವ ಜಾಗದಲ್ಲಿ ಬುಡ ಕೊಳೆಯುವುದೂ ಇದಕ್ಕೆ ಬೇಗ. ರಂಗಪುರ ನಿಂಬೆಯ ಬೇರು ಬರವನ್ನು ತಡೆಯುತ್ತದೆ, ನಿಂಬೆ ಜಾತಿಯ ಮರಗಳನ್ನು ಸೊರಗಿಸುವ ಟ್ರಿಸ್ಟೆಜಾ ವೈರಸ್ಸನ್ನೂ ತಾಳುತ್ತದೆ. ಮನೆಯಲ್ಲಿ ಮೂಸಂಬಿ ಬೆಳೆಸಲು ನಾನು ಇದನ್ನೇ ಆರಿಸಿದ್ದು. ಮೂರೆಲೆ ಕಿತ್ತಳೆ ಅನ್ನುವ ಇನ್ನೊಂದು ಜಾತಿಯ ಬೇರಿನ ಮೇಲೆ ಹಣ್ಣು ಅತ್ಯಂತ ಸಿಹಿಯಾಗುತ್ತದೆ, ಗಿಡವೂ ಗಿಡ್ಡಗಿರುತ್ತದೆ. ಆದರೆ ಸುಣ್ಣದಂಶ ಜಾಸ್ತಿ ಇರುವ ಮಣ್ಣು ಅದಕ್ಕೆ ಆಗಿಬರುವುದಿಲ್ಲ. ಗಡಸು ಬೋರ್‌ವೆಲ್ ನೀರು ಹಾಕುವ ಮನೆಯಲ್ಲಿ ಎಲೆ ಹಳದಿಯಾಗಿ ಕೂರುತ್ತದೆ.

ಬೇರು ಗಿಡವನ್ನು ನೀವೇ ಬೀಜದಿಂದ ಎಬ್ಬಿಸಬಹುದು. ಬೀಜ ಒಣಗಲು ಬಿಡಬಾರದು. ಹಣ್ಣು ಕೊಯ್ದ ದಿನವೇ ತೊಳೆದು ಬಿತ್ತಿ. ಒಂದೇ ಮಡಿಯಲ್ಲಿ ಬಂದ ಸಸಿಗಳಲ್ಲಿ ತೀರಾ ಕುಳ್ಳ, ತೀರಾ ಉದ್ದ, ಎಲೆ ಬೇರೆ ಥರ ಇರುವವನ್ನು ಕಿತ್ತು ಹಾಕಿ. ಒಂದೇ ಅಳತೆಯಲ್ಲಿ ಇರುವವನ್ನು ಉಳಿಸಿಕೊಳ್ಳಿ. ಕಾಂಡ ಪೆನ್ಸಿಲ್ ದಪ್ಪ ಆಗಲು ಸುಮಾರು ಒಂದು ವರ್ಷ ಬೇಕು.

ಕಣ್ಣು ಕಸಿ

ನಿಂಬೆ ಜಾತಿಗೆ ಇದೇ ಒಳ್ಳೆಯ ವಿಧಾನ. ಒಂದು ಕಡ್ಡಿಯಿಂದ ಐದಾರು ಗಿಡ ಮಾಡಬಹುದು, ಕೂಡದಿದ್ದರೂ ಬೇರು ಗಿಡ ಹಾಳಾಗುವುದಿಲ್ಲ.

ಕ್ಯಾಲೆಂಡರ್ ನೋಡುವುದಕ್ಕಿಂತ ತೊಗಟೆ ನೋಡಿ. ಚಾಕುವಿನ ತುದಿಯಿಂದ ಬೇರು ಗಿಡದ ತೊಗಟೆಯ ಒಂದು ಮೂಲೆ ಎತ್ತಿ. ಅದು ಸಲೀಸಾಗಿ ಬಿಟ್ಟು, ಒಳಗೆ ಒದ್ದೆಯಾದ ಬಿಳಿ ಕಾಂಡ ಹೊಳೆದರೆ ಸಮಯ ಬಂದಿದೆ. ನಾರು ನಾರಾಗಿ ಹರಿದು ಬಂದರೆ ಒಂದು ವಾರ ಚೆನ್ನಾಗಿ ನೀರು ಕೊಟ್ಟು ಮತ್ತೆ ನೋಡಿ. ನಮ್ಮ ಕಡೆ ಶಿವರಾತ್ರಿ ಹೊತ್ತಿಗೆ ಹೊಸ ಚಿಗುರು ಬರುವಾಗ ಒಮ್ಮೆ, ಮುಂಗಾರು ಹಿಡಿದ ಮೇಲೆ ಜೂನ್, ಜುಲೈನಲ್ಲಿ ಇನ್ನೊಮ್ಮೆ ಹೀಗೆ ಬಿಡುತ್ತದೆ. ಏಪ್ರಿಲ್ ಕೊನೆಯ ಉರಿಬಿಸಿಲಲ್ಲಿ ಬೇಡ.

ಕಡ್ಡಿ ಆರಿಸುವಾಗ ಬೆರಳ ನಡುವೆ ತಿರುಗಿಸಿ ನೋಡಿ. ತುದಿಯ ಎಳೆ ಚಿಗುರು ಮೂಲೆ ಮೂಲೆಯಾಗಿ ಸಿಗುತ್ತದೆ. ಅದು ಬೇಡ. ಅದರ ಹಿಂದಿನ ಸುತ್ತಿನದು ದುಂಡಗಿರುತ್ತದೆ, ಹಸಿರಿನ ಮೇಲೆ ತೆಳುವಾದ ಬೂದು ಗೆರೆ ಮೂಡಿರುತ್ತದೆ. ಅದನ್ನು ತೆಗೆದುಕೊಳ್ಳಿ. ನೆಟ್ಟಗೆ ಮೇಲೇಳುವ ಮುಳ್ಳಿನ ಕೊಂಬೆಗೆ ಕೈ ಹಾಕಬೇಡಿ, ಕಾಯಿ ಬಿಟ್ಟ ಕೊಂಬೆಯದ್ದೇ ಆಗಲಿ. ಕುಯ್ದ ತಕ್ಷಣ ಎಲೆ ಕತ್ತರಿಸಿ, ತೊಟ್ಟು ಮಾತ್ರ ಬಿಡಿ. ಆ ತೊಟ್ಟು ಕಣ್ಣನ್ನು ಹಿಡಿಯಲು ಬೇಕು, ಮುಂದೆ ಕಸಿ ಕೂಡಿತೋ ಇಲ್ಲವೋ ಅಂತ ಹೇಳುವುದೂ ಅದೇ. ಅವತ್ತೇ ಕಟ್ಟಲು ಆಗದಿದ್ದರೆ ಒದ್ದೆ ಬಟ್ಟೆ, ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಡಿ. ಕೆಲವು ದಿನ ಚೆನ್ನಾಗಿರುತ್ತದೆ.

ಚಾಕು ಬ್ಲೇಡಿನಷ್ಟು ಹರಿತ ಇರಬೇಕು. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಚಾಕು ಅದ್ದಿ, ಒರೆಸಿ. ಚಾಕುವಿನಿಂದಲೇ ಹರಡುವ ರೋಗಗಳು ನಿಂಬೆ ಜಾತಿಯಲ್ಲಿ ಇವೆ.

ಬೇರು ಗಿಡದಲ್ಲಿ ನೆಲದಿಂದ ಒಂದು ಗೇಣು ಮೇಲೆ, ನಯವಾದ ಜಾಗ ನೋಡಿ ಉದ್ದಕ್ಕೆ ಒಂದೂವರೆ ಇಂಚು ಗೀರಿ. ಅದರ ಕೆಳತುದಿಯಲ್ಲಿ ಅಡ್ಡಲಾಗಿ ಇನ್ನೊಂದು ಗೀರು. ತಲೆಕೆಳಗಾದ ಟಿ ಅಕ್ಷರ ಬರುತ್ತದೆ. ಮಳೆಗಾಲದಲ್ಲಿ ನೀರು ಒಳಗೆ ಇಳಿಯದಿರಲು ಇದೇ ವಾಸಿ. ತೊಗಟೆ ಮಾತ್ರ ಸೀಳಬೇಕು, ಕಾಂಡಕ್ಕೆ ಚಾಕು ಇಳಿಯಬಾರದು. ಎರಡೂ ಕಡೆಯ ತೊಗಟೆಯನ್ನು ಮೆಲ್ಲಗೆ ಎಬ್ಬಿಸಿ.

ಈಗ ಕಣ್ಣು. ಅದರ ಒಂದು ಕಡೆ ಅರ್ಧ ಇಂಚು ಬಿಟ್ಟು ಚಾಕು ಹೂಡಿ, ಕಣ್ಣಿನ ಅಡಿಯಿಂದ ತೆಳ್ಳಗೆ ಸಾಗಿಸಿ, ಇನ್ನೊಂದು ಕಡೆ ಅರ್ಧ ಇಂಚು ದಾಟಿ ಎತ್ತಿ. ಒಂದೇ ಎಳೆತದಲ್ಲಿ ಬರಬೇಕು. ಹಿಂದೆ ಸಿಬರಿನಷ್ಟು ಮರ ಅಂಟಿದ್ದರೆ ತೊಂದರೆ ಇಲ್ಲ. ಕುಯ್ದ ಮೈಯನ್ನು ಬೆರಳಲ್ಲಿ ಮುಟ್ಟಬೇಡಿ. ನನಗೆ ಕಲಿಸಿದ ಪಾಂಡವಪುರ ಕಡೆಯ ಕಸಿ ಕೆಲಸದವರು ಪಕ್ಕದಲ್ಲೇ ಕೂತು ಹೇಳುತ್ತಿದ್ದರು: "ಕಣ್ಣ್ ಒಣಗಬಾರ್ದು ಕಣಕ್ಕ. ಕುಯ್ದ್ ಮ್ಯಾಕೆ ಮಾತಾಡ್ಕಂಡ್ ಕೂರ್ಬೇಡಿ." ಅವರ ಕೈಯಲ್ಲಿ ಕಣ್ಣು ಕಡ್ಡಿಯಿಂದ ಎದ್ದು ತೊಗಟೆಯೊಳಗೆ ಕೂರುವಷ್ಟರಲ್ಲಿ ನಮಗೆ ಒಂದು ಉಸಿರು ಬಿಡಲೂ ಸಮಯ ಇರುತ್ತಿರಲಿಲ್ಲ.

ತೊಟ್ಟು ಹಿಡಿದು ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ತೊಗಟೆಯೊಳಗೆ ಜಾರಿಸಿ. ಕಡ್ಡಿಯಲ್ಲಿ ಹೇಗಿತ್ತೋ ಹಾಗೇ ಕೂರಬೇಕು. ಕಣ್ಣು ತೊಟ್ಟಿನ ಮೇಲ್ಭಾಗದಲ್ಲೇ ಇರಲಿ, ತಲೆಕೆಳಗಾಗದಿರಲಿ. ತೆಳು ಪಾಲಿಥಿನ್ ಕವರನ್ನು ಅರ್ಧ ಇಂಚಿನ ಪಟ್ಟಿಯಾಗಿ ಕತ್ತರಿಸಿಕೊಂಡು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ. ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬಂದರೆ ನೀರು ಹೊರಗೇ ಹರಿದುಹೋಗುತ್ತದೆ. ಕಣ್ಣೂ ಮುಚ್ಚಲಿ.

ಮೂರು ವಾರ ಬಿಟ್ಟು ಬಿಚ್ಚಿ. ತೊಟ್ಟನ್ನು ಬೆರಳಿಂದ ಮುಟ್ಟಿದರೆ ಉದುರಿತೇ? ಕಣ್ಣು ಹಸಿರಾಗಿದೆಯೇ? ಕೂಡಿದೆ. ತೊಟ್ಟು ಒಣಗಿ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕಣ್ಣು ಸತ್ತಿದೆ. ಕಾಂಡದ ಇನ್ನೊಂದು ಮಗ್ಗುಲಲ್ಲಿ ಮತ್ತೆ ಕಟ್ಟಿ.

ಕೂಡಿದ ಕಣ್ಣು ತಾನಾಗಿ ಚಿಗುರುವುದಿಲ್ಲ, ಮೇಲಿನ ತಲೆ ಅದನ್ನು ತಡೆಯುತ್ತದೆ. ಕಣ್ಣಿಗಿಂತ ಎರಡು ಮೂರು ಇಂಚು ಮೇಲೆ, ಕಣ್ಣಿರುವ ಕಡೆಯೇ ಕಾಂಡವನ್ನು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕುಯ್ದು ತಲೆಯನ್ನು ಪಕ್ಕಕ್ಕೆ ಬಾಗಿಸಿ ಮಲಗಿಸಿ. ಅದರ ಎಲೆಗಳು ಬೇರಿಗೆ ಊಟ ಕೊಡುತ್ತಲೇ ಇರುತ್ತವೆ, ಕಣ್ಣೂ ಚಿಗುರುತ್ತದೆ. ಚಿಗುರು ಗೇಣುದ್ದ ಆದ ಮೇಲೆ ಆ ತಲೆಯನ್ನು ಪೂರ್ತಿ ತೆಗೆದು, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು ಅದರ ಲೆಕ್ಕ. ಮನೆಗೆ 100 ಗ್ರಾಂ, 100 ಗ್ರಾಂ, 1 ಲೀಟರ್ ಸಾಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ.

ಕಸಿ ಗಂಟಿನ ಕೆಳಗೆ ಬರುವ ಪ್ರತಿ ಚಿಗುರನ್ನೂ ಎಳೆಯದಾಗಿರುವಾಗಲೇ ಚಿವುಟಿ. "ನಮ್ಮ ಮೂಸಂಬಿ ಈಗ ಹುಳಿ ಹಣ್ಣು ಬಿಡ್ತಿದೆ" ಅನ್ನುವ ಮನೆಗಳಲ್ಲಿ ಮೇಲಿನ ಕಸಿ ಸತ್ತು ಕೆಳಗಿನ ಜಂಬೇರಿ ಮರವಾಗಿರುತ್ತದೆ, ಅಷ್ಟೇ.

ಜಾಗ ಕಡಿಮೆ ಇದ್ದರೆ ಒಂದೇ ಗಿಡಕ್ಕೆ ಎರಡು ಜಾತಿ ಕಟ್ಟಬಹುದು. ನಿಂಬೆ ಜೋರು, ಮೂಸಂಬಿ ನಿಧಾನ. ಬಿಸಿಲು ಚೆನ್ನಾಗಿ ಬೀಳುವ ಮೇಲಿನ ಕೊಂಬೆಯನ್ನು ಮೂಸಂಬಿಗೆ ಕೊಟ್ಟು, ನಿಂಬೆಯನ್ನು ಆಗಾಗ ಸವರುತ್ತಿರಿ.

ನೀರು, ಮಣ್ಣು, ಕರಿಬೇವು

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ತಾರಸಿಯಲ್ಲಾದರೆ 200 ಲೀಟರ್ ಡ್ರಮ್ಮನ್ನು ಅರ್ಧ ಕತ್ತರಿಸಿ, ಅಡಿಗೆ ತೂತು ಮಾಡಿ, ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ತುಂಬಿ. ಮಂಡ್ಯದ ನಾಲೆ ಬಯಲಿನ ಮನೆಗಳಲ್ಲಿ ಪಕ್ಕದ ಗದ್ದೆಗೆ ನೀರು ಬಿಟ್ಟಾಗ ಹಿತ್ತಲೂ ಒಸರುತ್ತದೆ. ಅಲ್ಲಿ ದಿಬ್ಬ ಮಾಡಿಯೇ ನೆಡಿ. ಕಸಿ ಗಂಟು ಯಾವತ್ತೂ ಮಣ್ಣಿನ ಮೇಲಿರಲಿ. ಬುಡಕ್ಕೆ ನೀರು ಸುರಿಯಬೇಡಿ, ಎಲೆಗಳ ಅಂಚು ಎಲ್ಲಿಗೆ ಬರುತ್ತದೋ ಅಲ್ಲಿ ಕೊಡಿ. ಬುಡದಲ್ಲಿ ತೇವ ನಿಂತರೆ ತೊಗಟೆ ಕೊಳೆತು ಅಂಟು ಸೋರುತ್ತದೆ. ಬೇರು ಮೇಲ್ಮಟ್ಟದಲ್ಲೇ ಹರಡುವುದರಿಂದ ಗುದ್ದಲಿಯಲ್ಲಿ ಕೆದಕುವುದೂ ಬೇಡ, ತರಗೆಲೆ ಮುಚ್ಚಿಗೆ ಹಾಕಿ.

ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ. ಎಲೆ ಸಣ್ಣದಾಗಿ ನರಗಳ ಮಧ್ಯೆ ಹಳದಿ ಮಚ್ಚೆ ಬಂದರೆ ಸತುವಿನದು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸಿಟ್ರಸ್ ಸ್ಪೆಷಲ್ ಪುಡಿ ಸಿಂಪಡಿಸಿದರೆ ಎರಡೂ ಸುಧಾರಿಸುತ್ತವೆ.

ಮೈಸೂರಿನ ಮನೆ ಮನೆಯಲ್ಲೂ ಕರಿಬೇವು ಇದೆ ಅಲ್ವಾ? ಅದೂ ನಿಂಬೆಯ ಕುಟುಂಬವೇ. ಹಕ್ಕಿ ಹಿಕ್ಕೆಯಂತೆ ಕಾಣುವ ಚಿಟ್ಟೆ ಹುಳ ಎರಡನ್ನೂ ತಿನ್ನುತ್ತದೆ, ಕೈಯಲ್ಲಿ ತೆಗೆದರೆ ಮುಗಿಯಿತು. ಸಿಲ್ಲಿಡ್ ಅನ್ನುವ ಸಣ್ಣ ಕಂದು ಕೀಟದ ಬಗ್ಗೆ ಜಾಸ್ತಿ ಎಚ್ಚರ ಬೇಕು. ಅದು ಹಿಂಭಾಗ ಮೇಲೆತ್ತಿ ಚಿಗುರಿನ ಮೇಲೆ ಕೂರುತ್ತದೆ, ಕರಿಬೇವಿನ ಚಿಗುರಲ್ಲೂ ಮರಿ ಮಾಡುತ್ತದೆ. ನಿಂಬೆ ಜಾತಿಗೆ ಗ್ರೀನಿಂಗ್ ರೋಗ ಹರಡುವುದು ಇದೇ. ಎಲೆಯ ಎರಡು ಅರ್ಧದಲ್ಲಿ ಬೇರೆ ಬೇರೆ ಥರ ಹಳದಿ ಮಚ್ಚೆ, ಸೊಟ್ಟ ಕಾಯಿ, ಕಹಿ ರಸ ಕಂಡರೆ ಅದಕ್ಕೆ ಮದ್ದಿಲ್ಲ. ಅಂಥ ಮರದಿಂದ ಕಣ್ಣು ತೆಗೆಯಲೇಬಾರದು. ಎರಡೂ ಗಿಡ ಚಿಗುರುವಾಗ ಬೇವಿನ ಎಣ್ಣೆ ಸಿಂಪಡಿಸಿ. ಎಲೆಯೊಳಗೆ ಸೊಟ್ಟ ಗೆರೆ ಕೊರೆಯುವ ರಂಗೋಲಿ ಹುಳಕ್ಕೂ ಅದೇ ಸಾಕು.

ಯಾವಾಗ ಕೀಳಬೇಕು

ಮಾವು, ಬಾಳೆಯ ಹಾಗೆ ಈ ಹಣ್ಣುಗಳು ಕಿತ್ತ ಮೇಲೆ ಮಾಗುವುದಿಲ್ಲ. ಮರದಲ್ಲಿ ಎಷ್ಟು ಸಿಹಿ ಬಂತೋ ಅಷ್ಟೇ. ಬಣ್ಣವನ್ನೂ ನಂಬಬೇಡಿ. ಸಿಪ್ಪೆಯ ಹಸಿರು ಹೋಗಲು ರಾತ್ರಿಯ ಚಳಿ ಬೇಕು. ನಮ್ಮ ಬೆಚ್ಚಗಿನ ರಾತ್ರಿಗಳಲ್ಲಿ ಮೂಸಂಬಿ ಒಳಗೆ ಮಾಗಿದ್ದರೂ ಹೊರಗೆ ಹಸಿರಾಗಿಯೇ ಇರುತ್ತದೆ. ಹೂವಿನಿಂದ ಎಂಟು ಒಂಬತ್ತು ತಿಂಗಳು ಲೆಕ್ಕ ಹಾಕಿ, ಒಂದು ಹಣ್ಣು ಕುಯ್ದು ತಿಂದು ನೋಡಿ. ಹುಳಿ ಮುಂದಿದ್ದರೆ ಇನ್ನೊಂದು ಹದಿನೈದು ದಿನ ಬಿಡಿ, ಹುಳಿ ಇಳಿಯುತ್ತಾ ಬರುತ್ತದೆ. ನಿಂಬೆಗೆ ಐದಾರು ತಿಂಗಳು ಸಾಕು.

ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ನೀರು ಸ್ವಲ್ಪ ಕಡಿಮೆ ಮಾಡಿದರೆ ರಸ ಗಟ್ಟಿಯಾಗುತ್ತದೆ. ಪೂರ್ತಿ ಒಣಗಿಸಿ ಆಮೇಲೆ ಒಮ್ಮೆಲೇ ಸುರಿದರೆ ಕಾಯಿ ಸೀಳುತ್ತದೆ. ಯೂರಿಯಾ ಜಾಸ್ತಿ ಹಾಕಿದರೆ ಸಿಪ್ಪೆ ದಪ್ಪವಾಗುತ್ತದೆ. ಕೊಟ್ಟಿಗೆ ಗೊಬ್ಬರ, ಹೊಂಗೆ ಹಿಂಡಿ ಸಾಕು. ಮೊದಲ ವರ್ಷದ ಕಾಯಿಗಳನ್ನು ಒಂದೆರಡು ರುಚಿಗೆ ಬಿಟ್ಟು ಉಳಿದವನ್ನು ಎಳೆಯದರಲ್ಲೇ ತೆಗೆಯಿರಿ, ಗಿಡ ಗಟ್ಟಿಯಾಗಲಿ.

ಕೀಳುವಾಗ ಎಳೆಯದೆ ಕತ್ತರಿಯಲ್ಲಿ ತೊಟ್ಟು ಸಹಿತ ಕತ್ತರಿಸಿ. ಮೂಸಂಬಿ ರಸ ಹಿಂಡಿ ಇಟ್ಟರೆ ಕಹಿ ಏರುತ್ತದೆ, ಹಿಂಡಿದ ಕೂಡಲೇ ಕುಡಿಯಿರಿ. ಚಿತ್ರಾನ್ನದ ಒಗ್ಗರಣೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಅದಕ್ಕೆ ಹೇರಳೆಯ ರಸ ಸೇರಿಸಿ.